ಲೇಪಿತ ಆಕ್ಸಿಜನೇಟರ್ ಮಹಾಶಯರಿಗೆ ಬಿನ್ನವತ್ತಳೆ

ಪರಮಪೂಜ್ಯ ಆಕ್ಸಿಜನೇಟರ್ ಮಹಾಶಯರ ಸನ್ನಿಧಿಗೆ,

ಗಾಜಿಯಾಬಾದಿನ ವಸುಂಧರಾ ಬಡಾವಣೆಯ ಮೂರನೇ ಮಹಡಿಯಿಂದ ತಮ್ಮ ವಿಧೇಯ ಮಾಡುವ ಸಾಷ್ಟಾಂಗ ಪ್ರಣಾಮಗಳು. ಸಾಷ್ಟಾಂಗ ಎಂಬುದು ಬರೀ ಮಾತಿಗೆ. ಎದೆಮೂಳೆ ಸೀಳಿ ತಂತಿಯಲ್ಲಿ ಬಿಗಿದಿದ್ದಾರೆ. ಬೋರಲು ಬೀಳುವುದಿರಲಿ, ಮಗ್ಗುಲು ಬದಲಿಸಲೂ ಅಪ್ಪಣೆ ಬೇಕು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಆಗಾಗ ಬರೆಸುತ್ತಿರಿ ಎಂದು ಬೇಡಿಕೊಳ್ಳುವ ಹಾಗಿಲ್ಲ. ನನ್ನ ಹೃದಯದ ಕವಾಟ ಬದಲಾದ ದಿನವೇ ತಮ್ಮನ್ನು ಕೆಂಪು ಚೀಲಕ್ಕೆ ಹಾಕಿದರಂತೆ. 2016ರ ತ್ಯಾಜ್ಯ ನಿಯಮದಲ್ಲಿ ರಕ್ತ ಸೋಕಿದ ಕೊಳವೆಗಳಿಗೆ ಅದೇ ಬಣ್ಣ. ಒಬ್ಬ ರೋಗಿಗೆ ಒಂದು ಸಲ, ಹೆಚ್ಚೆಂದರೆ ಆರು ಗಂಟೆಯ ಸೇವೆ, ಆಮೇಲೆ ಚೀಲ. ಇಂಥ ಅಲ್ಪಾಯುಷಿಗೆ ಇಷ್ಟು ಬೆಲೆ ಏಕೆ ಎಂದು ಕೇಳುವಷ್ಟು ಕೃತಘ್ನ ನಾನಲ್ಲ. ಕೇಳಿದವರು ವಿಮೆಯವರ ಪರವಾಗಿ ಕಡತ ನೋಡುವ ಮಹನೀಯರು.

ಅವರ ಪತ್ರದಲ್ಲಿದ್ದದ್ದು ಒಂದೇ ಸಾಲು. ಬಿಲ್ಲಿನ 14ನೇ ನಮೂದಿನಲ್ಲಿ ‘ಆಕ್ಸಿಜನೇಟರ್, ಅಡಲ್ಟ್, ಕೋಟೆಡ್, ಟ್ಯೂಬಿಂಗ್ ಸಹಿತ’ ಎಂದಿದೆ. ಲೇಪವಿಲ್ಲದ್ದು ಸಾಲುತ್ತಿರಲಿಲ್ಲವೇ, ಸಮಜಾಯಿಷಿ ನೀಡಿ. ಸಮಜಾಯಿಷಿ ನೀಡಬೇಕಾದವನು ನಾನು! ಆ ಹೊತ್ತಿನಲ್ಲಿ ನಾನು ಎದೆ ತೆರೆದುಕೊಂಡು, ಹೃದಯ ನಿಲ್ಲಿಸಿಕೊಂಡು ಮಲಗಿದ್ದೆ. ದೆಹಲಿಯ ಭಾಗೀರಥ್ ಪ್ಯಾಲೇಸ್ ಪೇಟೆಯ ಸಗಟು ಅಂಗಡಿಯ ಮುಂದೆ ನಿಂತು ‘ಲೇಪದ್ದು ಬೇಡ ಭಾಯಿಸಾಬ್, ಸಾದಾ ಕೊಡಿ’ ಎಂದು ಚೌಕಾಶಿ ಮಾಡುವ ಸ್ಥಿತಿ ಅದಲ್ಲ. ಆದರೂ ಸರ್ಕಾರಿ ಕಡತಗಳ ನಡುವೆ ಮೂವತ್ತು ವರ್ಷ ಬಾಳಿದವನಿಗೆ ಪ್ರಶ್ನೆ ಬಂದರೆ ಉತ್ತರ ಹೋಗಬೇಕು. ಹಾಗಾಗಿ ಎರಡು ತಿಂಗಳು ತಮ್ಮ ಕುಲಗೋತ್ರ ವಿಚಾರಿಸುವುದೇ ನನಗೆ ಪಾರಾಯಣವಾಯಿತು. ಆ ಪುಣ್ಯವೂ ತಮ್ಮಿಂದಲೇ.

ಓದುವವರಿಗೆ ತಮ್ಮ ಪರಿಚಯ ಮಾಡಿಕೊಡುವುದು ಸಭೆಯ ಮರ್ಯಾದೆ. ತಾವು ನೋಡಲು ದೊಡ್ಡ ಚೊಂಬಿನಷ್ಟಿರುವ ಪಾರದರ್ಶಕ ಡಬ್ಬಿ. ಹೊಟ್ಟೆಯೊಳಗೆ ಶ್ಯಾವಿಗೆಗಿಂತ ಸಣ್ಣ ಸಾವಿರಾರು ಟೊಳ್ಳು ಎಳೆ. ಎಳೆಯ ಒಳಗೆ ಆಮ್ಲಜನಕ, ಹೊರಗೆ ರಕ್ತ; ನಡುವಿನ ಗೋಡೆಯ ಸಣ್ಣ ರಂಧ್ರಗಳಲ್ಲಿ ಕೊಡುಕೊಳ್ಳುವಿಕೆ. ಸರ್ಜನ್ನರು ಹೃದಯ ನಿಲ್ಲಿಸಿ ಕವಾಟ ಹೊಲಿಯುವಷ್ಟು ಹೊತ್ತು ಪಂಪು ಹೃದಯದ ಕೆಲಸ ಮಾಡುತ್ತದೆ, ತಾವು ಶ್ವಾಸಕೋಶದ ಕೆಲಸ ಮಾಡುತ್ತೀರಿ. ನಿಮಿಷಕ್ಕೆ ನಾಲ್ಕೈದು ಲೀಟರ್, ಅಂದರೆ ಮೈಯಲ್ಲಿರುವ ರಕ್ತವೆಲ್ಲ ನಿಮಿಷಕ್ಕೊಂದು ಸುತ್ತು ತಮ್ಮ ಪ್ರದಕ್ಷಿಣೆ ಬರುತ್ತದೆ. ಶ್ವಾಸಕೋಶದ ಒಳಹಾಸು ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್. ತಮ್ಮದು ಎರಡರ ಆಸುಪಾಸು. ನವೆಂಬರಿನ ದೆಹಲಿ ಗಾಳಿ ಕುಡಿದ ನನ್ನ 70ಕ್ಕಿಂತ ತಮ್ಮ ಎರಡೇ ಚೊಕ್ಕಟವಾಗಿತ್ತು. ಇದನ್ನು ಹೊಗಳಿಕೆ ಎಂದೇ ಸ್ವೀಕರಿಸಬೇಕು.

ಇನ್ನು ಲೇಪದ ವಿಷಯ. ತಿಪಟೂರು ಸೀಮೆಯ ನಮ್ಮಜ್ಜಿ ಮಡಿಯಲ್ಲಿದ್ದಾಗ ಯಾರ ನೆರಳೂ ಸೋಕುವಂತಿರಲಿಲ್ಲ. ಬಾವಿಕಟ್ಟೆಯಿಂದ ಅಡುಗೆಮನೆಗೆ ಒದ್ದೆ ಸೀರೆಯಲ್ಲಿ ಬರುವಾಗ ನಾವು ಹುಡುಗರು ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಂತರೂ ‘ಯಾರೋ ಅದು, ದೂರ ಹೋಗು’ ಎನ್ನುತ್ತಿದ್ದಳು. ಅವಳಿಗಿಂತ ಮಡಿವಂತೆ ಇನ್ನೊಬ್ಬಳಿಲ್ಲ ಎಂದುಕೊಂಡಿದ್ದೆ. ರಕ್ತ ಅವಳನ್ನೂ ಮೀರಿಸುತ್ತದೆ. ಹುಟ್ಟಿದಾಗಿನಿಂದ ಅದು ಮುಟ್ಟುವುದು ರಕ್ತನಾಳದ ಒಳಗೋಡೆಯನ್ನು ಮಾತ್ರ. ಆ ಗೋಡೆಯೂ ಸುಮ್ಮನೆ ನಿಂತ ಗೋಡೆಯಲ್ಲ. ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ರಸಗಳನ್ನು ಕ್ಷಣಕ್ಷಣಕ್ಕೂ ಒಸರುತ್ತಿರುತ್ತದೆ, ಹೆಪಾರಿನ್ ಎಂಬ ಹೆಪ್ಪುತಡೆ ಔಷಧದ ದಾಯಾದಿಯೊಂದನ್ನು ತನ್ನ ಮೈಮೇಲೆ ಹಾಸಿಕೊಂಡಿರುತ್ತದೆ. ಗಾಜೋ ಉಕ್ಕೋ ಪಿವಿಸಿ ಕೊಳವೆಯೋ ಸೋಕಿತೆಂದರೆ ರಕ್ತಕ್ಕೆ ಮೈಲಿಗೆ. ಹನ್ನೆರಡನೇ ನಂಬರಿನ ಹೆಪ್ಪುಗಟ್ಟಿಸುವ ಅಂಶ ಕೂಗು ಹಾಕುತ್ತದೆ, ಪ್ಲೇಟ್‌ಲೆಟ್ಟುಗಳು ಓಡಿಬಂದು ಅಂಟಿಕೊಳ್ಳುತ್ತವೆ, ಬಿಳಿರಕ್ತಕಣಗಳು ದೊಣ್ಣೆ ಹಿಡಿದು ನಿಲ್ಲುತ್ತವೆ, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಪಡೆ ಬೀದಿಗಿಳಿಯುತ್ತದೆ. ಹೆಸರು ಕೇಳಿ ಅದು ಯಾರನ್ನೋ ಹೊಗಳುತ್ತಿದೆ ಎಂದು ಮೊದಲು ನಾನು ತಪ್ಪು ತಿಳಿದಿದ್ದೆ.

ಈ ಅಜ್ಜಿಯ ಕಣ್ಣು ತಪ್ಪಿಸಲೆಂದೇ ತಮಗೆ ಲೇಪ ಹಚ್ಚಿದ್ದು. ಒಂದು ಬಗೆಯಲ್ಲಿ ಹೆಪಾರಿನ್ನನ್ನೇ ಪ್ಲಾಸ್ಟಿಕ್ಕಿನ ಮೈಗೆ ಅಂಟಿಸುತ್ತಾರೆ, ರಕ್ತನಾಳದ ಗೋಡೆಯ ವೇಷ ಅದು. 1963ರಲ್ಲಿ ವಿನ್ಸೆಂಟ್ ಗಾಟ್ ಎಂಬ ಅಮೆರಿಕದ ಸರ್ಜನ್ ಗ್ರಾಫೈಟ್ ಬಳಿದು ಅದರ ಮೇಲೆ ಹೆಪಾರಿನ್ ಹಿಡಿಸಿ ತೋರಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಸ್ವೀಡನ್ನಿನವರು ಹೆಪಾರಿನ್ ಅಣುವಿನ ಒಂದು ತುದಿಯನ್ನಷ್ಟೇ ಕಟ್ಟಿಹಾಕಿ, ಉಳಿದದ್ದನ್ನು ಕೆರೆಯ ಜೊಂಡಿನ ಹಾಗೆ ತೊನೆಯಲು ಬಿಟ್ಟರು. ಇನ್ನೊಂದು ಬಗೆಯಲ್ಲಿ ಹೆಪಾರಿನ್ನೇ ಇಲ್ಲ. ಕೆಂಪು ರಕ್ತಕಣದ ಹೊರಪದರದಲ್ಲಿರುವ ಫಾಸ್ಫೊರಿಲ್‌ಕೋಲೀನ್ ಎಂಬುದನ್ನು ಹೊದ್ದುಕೊಂಡು ತಾವು ಮನೆಮಗನ ಹಾಗೆ ನಿಲ್ಲುತ್ತೀರಿ. ಪೆಟ್ಟಿಗೆಯ ಮೇಲೆ ಬಯೋಕಂಪ್ಯಾಟಿಬಲ್ ಎಂದು ದೊಡ್ಡಕ್ಷರದಲ್ಲಿ ಮುದ್ರಿಸಿರುತ್ತದೆ. ಹೊಂದಾಣಿಕೆ! ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿಬಂದ ಜಾತಕದ ಹಾಗೆ.

ವೇಷದ ಬಗ್ಗೆ ನನಗೆ ತಿರಸ್ಕಾರವಿಲ್ಲ, ಮಹಾಶಯರೇ. ನಾನೂ ಲೇಪಿತನೇ. 1989ರಲ್ಲಿ ದೆಹಲಿಗೆ ಬಂದಿಳಿದಾಗ ಹಿಂದಿಯನ್ನು ದಪ್ಪಗೆ ಬಳಿದುಕೊಂಡೆ. ಸ್ವೆಟರ್ ಹಾಕಿದೆ, ಚಳಿಗಾಲದಲ್ಲಿ ಮೂಲಂಗಿ ಪರಾಠ ತಿಂದೆ, ‘ಏನ್ರೀ’ ಎನ್ನುವ ಕಡೆಯೆಲ್ಲ ‘ಭಾಯಿಸಾಬ್’ ಎಂದೆ. ಒಂದು ದಿನ ಆರ್.ಕೆ. ಪುರಂ ನಿಲ್ದಾಣದಲ್ಲಿ ನಿಂತು ಪಕ್ಕದವರಿಗೆ ‘ಬಸ್ ಆ ಗಯಾ’ ಎಂದೆ. ಹಿಂದಿಯಲ್ಲಿ ಬಸ್ಸು ಹೆಣ್ಣು. ಆತ ಬಸ್ಸಿನತ್ತ ತಿರುಗಲಿಲ್ಲ, ನನ್ನತ್ತ ತಿರುಗಿ ‘ಮದ್ರಾಸೀ ಹೋ?’ ಎಂದ. ಎರಡು ಸೆಕೆಂಡು ಹಿಡಿಯಿತೋ ಇಲ್ಲವೋ. ರಕ್ತಕ್ಕೂ ಅಷ್ಟೇ ಸಾಕಂತೆ. ಹೊರಗಿನ ವಸ್ತು ಎದುರಾದ ಕೆಲವೇ ಸೆಕೆಂಡಿನಲ್ಲಿ ಪ್ರೋಟೀನುಗಳು ಅದರ ಮೈಮೇಲೆ ಕೂತಾಗಿರುತ್ತವೆ. ಆಮೇಲೆ ರಕ್ತಕಣಗಳು ನೋಡುವುದು ತಮ್ಮ ಲೇಪವನ್ನಲ್ಲ, ಲೇಪದ ಮೇಲೆ ಕೂತವರನ್ನು.

ಕೂತವರಾದರೂ ಕೂತೇ ಇರುತ್ತಾರೆಯೇ? ರಾಜೀವ್ ಚೌಕದಲ್ಲಿ ಮೆಟ್ರೊ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೊದಲು ನುಗ್ಗುವವರು ಹಗುರ ಮೈಯವರು, ಸಂಖ್ಯೆಯಲ್ಲಿ ಹೆಚ್ಚಿನವರು, ಅವರು ಆಲ್ಬುಮಿನ್. ಸೀಟು ಸಿಕ್ಕಿತು ಎನ್ನುವಷ್ಟರಲ್ಲಿ ಫೈಬ್ರಿನೊಜೆನ್ ಬಂದು ಸರಿಸಿ ಕೂರುತ್ತದೆ. ಅದನ್ನೂ ಎಬ್ಬಿಸಲು ಅದಕ್ಕಿಂತ ಗಟ್ಟಿಯಾಗಿ ಅಂಟಿ ಕೂರುವ ಆಸಾಮಿಯೊಬ್ಬ ಹಿಂದಿನಿಂದ ಬರುತ್ತಾನೆ. ಇದನ್ನು ಕಂಡುಹಿಡಿದವರು ಲಿಯೊ ವ್ರೊಮನ್. ಡಚ್ಚರು, ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದವರು, ಅಮೆರಿಕದಲ್ಲಿ ರಕ್ತದ ಸಂಶೋಧನೆ ಮಾಡುತ್ತ ಡಚ್ ಭಾಷೆಯಲ್ಲಿ ಹೆಸರಾಂತ ಕವಿಯೂ ಆಗಿದ್ದವರು. 2014ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಪರದೇಶದಲ್ಲಿ ಕೂತು ತಾಯ್ನುಡಿಯಲ್ಲಿ ಬರೆಯುವವನಿಗೆ ಒಂದರ ಮೈಮೇಲೆ ಇನ್ನೊಂದು ಅಂಟುವುದು, ಬಿಡುವುದು ಬೇಗ ಕಾಣಿಸುತ್ತದೆಯೋ ಏನೋ. ಇದು ನನ್ನ ಊಹೆ, ವಿಜ್ಞಾನವಲ್ಲ.

ಈ ವಿದ್ಯೆಯೆಲ್ಲ ನನಗೆ ದಕ್ಕಿದ್ದು ಒಬ್ಬ ಹುಡುಗನಿಂದ. ವಾರ್ಡಿನಲ್ಲಿ ಕೆಮ್ಮು ಬಂದಾಗ ಹೊಲಿಗೆ ಎಳೆದು ‘ಅಯ್ಯಯ್ಯೋ ಅಮ್ಮಾ’ ಎಂದೆ. ಬಾಗಿಲಲ್ಲಿ ಹೋಗುತ್ತಿದ್ದ ಪರ್ಫ್ಯೂಷನಿಸ್ಟ್, ಅಂದರೆ ಪಂಪು ನಡೆಸುವ ಹುಡುಗ, ಅಲ್ಲೇ ನಿಂತು ‘ಸರ್, ಕನ್ನಡದವ್ರೇನ್ರಿ?’ ಎಂದ. ರಾಣೆಬೆನ್ನೂರು ಕಡೆಯವನು. ನನ್ನ ರಕ್ತವನ್ನು 94 ನಿಮಿಷ ಓಡಿಸಿದವನು ಅವನೇ. ಒಮ್ಮೆ ಬಿಡುವಿನಲ್ಲಿ ತರಬೇತಿಗೆಂದು ಇಟ್ಟಿದ್ದ, ತಮ್ಮ ವಂಶದ್ದೇ ಆದ ಒಂದು ಡಬ್ಬಿ ತಂದು ನನ್ನ ಮಡಿಲಿಗಿಟ್ಟ. ಎಳನೀರು ಬಲಿತಿದೆಯೇ ಎಂದು ಬುರುಡೆಗೆ ಗೆಣ್ಣಿನಲ್ಲಿ ಕುಟ್ಟುತ್ತೇವಲ್ಲ, ಹಾಗೆ ಡಬ್ಬಿಯ ಪಕ್ಕೆಗೆ ಕುಟ್ಟಿ ತೋರಿಸಿದ. ರಕ್ತ ಬಿಡುವ ಮುನ್ನ ಕೊಳವೆಗಳಲ್ಲೆಲ್ಲ ಲವಣದ ದ್ರವ ತುಂಬಿಸಿ, ಹೀಗೆ ಕುಟ್ಟಿ ಕುಟ್ಟಿ ಗುಳ್ಳೆ ಹೊರಡಿಸಬೇಕಂತೆ. ಒಂದು ಗುಳ್ಳೆ ಮಿದುಳಿಗೆ ಹೋದರೆ ಮುಗಿಯಿತು.

‘ಹಂಗಾದ್ರ ಈ ಲೇಪ ಹಚ್ಚಿದ್ದು ರಕ್ತಕ್ಕ ಗೊತ್ತಾಗೂದಿಲ್ಲೇನಪ್ಪಾ?’ ಎಂದು ಅವನ ಮಾತಿನಲ್ಲೇ ಕೇಳಿದೆ.

‘ರಕ್ತ ಭಾಳ ಶ್ಯಾಣೇ ಐತ್ರಿ ಸರ್. ಏನ್ ಹಚ್ಚಿದ್ರೂ ಗುರ್ತು ಹಿಡೀತೈತಿ. ಸ್ವಲ್ಪ ತಡಾ ಮಾಡಿ ಹಿಡೀತೈತಿ, ಅಷ್ಟ.’

ಆ ತಡಕ್ಕಾಗಿ ತಾವು ಮಾಡುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಮ್ಮ ಮೇಲೆ ತಮ್ಮವರಿಗೇ ಎಷ್ಟು ಭರವಸೆ ಇದೆಯೆಂದು ನೋಡಿದೆ. ಲೇಪವಿರಲಿ ಬಿಡಲಿ, ರೋಗಿಗೆ ಒಂದು ಕೆ.ಜಿ. ತೂಕಕ್ಕೆ 300ರಿಂದ 400 ಯೂನಿಟ್ ಹೆಪಾರಿನ್ ಹರಿಸಿಯೇ ತಮ್ಮ ದರ್ಶನಕ್ಕೆ ಕಳಿಸುತ್ತಾರೆ. ಅದು ಹತ್ತಿತೋ ಇಲ್ಲವೋ ಎಂದು ನೋಡಲು ಒಂದು ಪರೀಕ್ಷೆ. ಎರಡು ಮಿಲಿಲೀಟರ್ ರಕ್ತವನ್ನು ಒಂದು ನಳಿಕೆಗೆ ಬಿಡುತ್ತಾರೆ. ತಳದಲ್ಲಿ ನುಣ್ಣನೆಯ ಡಯಾಟಮ್ ಮಣ್ಣು, ರಕ್ತವನ್ನು ಕೆರಳಿಸಲು. ಜೊತೆಗೊಂದು ಚಿಕ್ಕ ಅಯಸ್ಕಾಂತ. ನಳಿಕೆ ಬೆಚ್ಚಗಿನ ಗೂಡಿನಲ್ಲಿ ಮೆಲ್ಲಗೆ ತಿರುಗುತ್ತದೆ. ರಕ್ತ ಗಟ್ಟಿಯಾದಾಗ ಅಯಸ್ಕಾಂತವನ್ನು ತನ್ನ ಜೊತೆ ಎಳೆದೊಯ್ಯುತ್ತದೆ, ಯಂತ್ರ ಕೀ ಎನ್ನುತ್ತದೆ. ಹೆಪಾರಿನ್ ಬೆರೆಸದ ರಕ್ತ ಸುಮಾರು ಎರಡು ನಿಮಿಷದೊಳಗೆ ಕೀ ಅನ್ನಿಸುತ್ತದೆ. ಪಂಪಿಗೆ ಹೋಗಬೇಕಾದರೆ 480 ಸೆಕೆಂಡು ದಾಟಬೇಕು ಎಂಬುದು ರೂಢಿಯ ಲೆಕ್ಕ. ಲೇಪವನ್ನು ನಂಬಿ ಇದಕ್ಕಿಂತ ಕಡಿಮೆ ಹೆಪಾರಿನ್‌ನಲ್ಲಿ ನಡೆಸಿ ನೋಡಿದವರಿದ್ದಾರೆ; ರಾಣೆಬೆನ್ನೂರಿನವನು ಮಾತ್ರ 480 ಕಾಣದೆ ಕ್ಲ್ಯಾಂಪಿಗೆ ಕೈ ಹಾಕುವವನಲ್ಲ. ಅಳಿಯ ಬಲು ಯೋಗ್ಯ ಎಂದು ಊರೆಲ್ಲ ಸಾರಿ, ಮಗಳ ಒಡವೆಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ಇಲ್ಲಿ ಒಂದು ಖಾಸಗಿ ಮಾತು. ದಾಖಲಾದ ದಿನ ಆಸ್ಪತ್ರೆಯವರು ನನಗೆ ಒಂದು ಫಾರಂ ಕೊಟ್ಟಿದ್ದರು. ಸಸ್ಯಾಹಾರಿಯೋ, ಮಾಂಸಾಹಾರಿಯೋ? ನಾನು ಸಸ್ಯಾಹಾರಿ ಎಂದು ಗುರುತು ಹಾಕಿದೆ. ನಮ್ಮ ಮನೆಯವರು ‘ಈರುಳ್ಳಿ, ಬೆಳ್ಳುಳ್ಳಿ ಕೂಡ ಬೇಡ’ ಎಂದು ಸಹಿಯ ಕೆಳಗೆ ಬರೆಸಿದರು. ತಟ್ಟೆಗೆ ಹೆಸರುಬೇಳೆ ತೋವೆಯೇ ಬಂತು, ಸುಳ್ಳು ಹೇಳಬಾರದು. ಆದರೆ ಹೆಪಾರಿನ್ ತೆಗೆಯುವುದು ಸಾಮಾನ್ಯವಾಗಿ ಹಂದಿಯ ಕರುಳಿನ ಲೋಳೆಪೊರೆಯಿಂದ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದರ ಪ್ರಭಾವ ಇಳಿಸಲು ಕೊಡುವ ಪ್ರೋಟಮೀನ್ ಸಾಲ್ಮನ್ ಮೀನಿನ ವೀರ್ಯದ್ದು. ಹಂದಿ ಹತ್ತಿಸಿ ಮೀನಿನಿಂದ ಇಳಿಸುವ ಈ ವಿಧಾನದಲ್ಲಿ ತಿಪಟೂರಿನ ಮಡಿವಂತೆಯ ಮೊಮ್ಮಗ ಜೀವ ಉಳಿಸಿಕೊಂಡ. ಫಾರಂನಲ್ಲಿ ಇದಕ್ಕೊಂದು ಚೌಕ ಇರಲಿಲ್ಲ. ಇದ್ದಿದ್ದರೂ ನಾನು ಸುಮ್ಮನೆ ಸಹಿ ಹಾಕುತ್ತಿದ್ದೆ ಎನ್ನುವುದು ಬೇರೆ ಮಾತು. ಅಜ್ಜಿಯೂ ಹಾಕು ಎನ್ನುತ್ತಿದ್ದಳು. ಮಾವನ ಟೈಫಾಯ್ಡಿನಲ್ಲಿ ಅವಳು ಬ್ರ್ಯಾಂದಿಯನ್ನು ತೀರ್ಥದ ಹಾಗೆ ಉದ್ಧರಣೆಯಲ್ಲಿ ಕುಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ತಮ್ಮ ಕವಚ ಎಲ್ಲ ಕಡೆಯೂ ಇದೆಯೇ ಎಂದು ಕೇಳುವುದು ಉದ್ಧಟತನ. ಆದರೂ ಕೇಳಿದೆ. ಡಬ್ಬಿಗೆ ಲೇಪ, ಕೊಳವೆಗೆ ಲೇಪ ಸರಿ. ಎದೆಯ ಗೂಡಿನಲ್ಲಿ ಚೆಲ್ಲಿದ ರಕ್ತವನ್ನು ಹೀರುಗೊಳವೆಯಿಂದ ಎಳೆದು ಮತ್ತೆ ತಮ್ಮ ಬಳಿಗೇ ತರುತ್ತಾರಲ್ಲ, ಅದು ಗಾಯವನ್ನು ಮುಟ್ಟಿ, ಗಾಳಿಯಲ್ಲಿ ನೊರೆಯೆದ್ದು, ಸಿಟ್ಟಿನಿಂದ ಕುದಿಯುತ್ತಲೇ ಬಂದಿರುತ್ತದೆ. ಅದಕ್ಕೆ ತಮ್ಮ ಗೋಡೆಯ ಬಣ್ಣ ಯಾವುದಾದರೇನು? ಹೆಬ್ಬಾಗಿಲಿಗೆ ಬಣ್ಣ ಬಳಿದು ತೋರಣ ಕಟ್ಟಿ, ಹಿತ್ತಲ ಬಾಗಿಲಲ್ಲಿ ಜಗಳಗಂಟಿ ನೆಂಟರನ್ನು ಒಳಗೆ ಬಿಟ್ಟುಕೊಂಡಂತೆ. ತಾವು ಮೌನವಾಗಿ ಅದನ್ನೂ ಸಹಿಸುತ್ತೀರಿ. ತಮ್ಮ ಸಹನೆ ದೊಡ್ಡದು.

ಇನ್ನು ತಮ್ಮಲ್ಲಿ ತುಂಬಿದ ದ್ರವ. ಕೊಳವೆ ತುಂಬಿಸಲು ಒಂದು, ಒಂದೂವರೆ ಲೀಟರ್ ಬೇಕು. ಐದು ಲೀಟರ್ ರಕ್ತದ ಮೈಗೆ ಅಷ್ಟು ಬೆರೆತರೆ ಸಾರು ತಿಳಿಸಾರಾಗುತ್ತದೆ. ರಕ್ತ ಕೊಡಬೇಕಾಗಬಹುದು, ನಾಲ್ಕು ಜನ ದಾನಿಗಳನ್ನು ಕರೆತನ್ನಿ ಎಂದರು. ಪರಊರಿನಲ್ಲಿ ಬೆಳಗಿನ ಆರಕ್ಕೆ ಯಾರನ್ನು ಎಬ್ಬಿಸುವುದು? ನಮ್ಮ ಮನೆಯವರು ಕರ್ನಾಟಕ ಸಂಘದಲ್ಲಿ ಪರಿಚಯವಾದ ಹುಡುಗರಿಗೆ ಫೋನ್ ಮಾಡಿದರು. ಮುನಿರ್ಕಾದ ಬಾಡಿಗೆ ಕೋಣೆಗಳಿಂದ ಐದು ಹುಡುಗರು ಬಂದರು. ಯುಪಿಎಸ್‌ಸಿಗೆ ಓದುವವರು, ಇಬ್ಬರು ತಿಂಡಿ ಕೂಡ ತಿಂದಿರಲಿಲ್ಲ. ‘ಆಂಟಿ, ನೀವು ಕೂತ್ಕೊಳ್ಳಿ, ನಾವ್ ನೋಡ್ಕೋತೀವಿ’ ಎಂದರಂತೆ. ಅವರಿಗೆ ಲೇಪ ಗೀಪ ಇರಲಿಲ್ಲ. ಗುಂಪು ಹೊಂದುತ್ತದೆಯೇ ಎಂದು ಪರೀಕ್ಷಿಸಿದ್ದು ಬಿಟ್ಟರೆ ಬೇರೆ ಹೊಂದಾಣಿಕೆ ಯಾರೂ ಕೇಳಲಿಲ್ಲ.

ತಮ್ಮ ಪೂರ್ವಿಕರನ್ನು ನೆನೆಯದೆ ಬಿನ್ನವತ್ತಳೆ ಪೂರ್ಣವಾಗದು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ 18 ವರ್ಷದ ಹುಡುಗಿಯೊಬ್ಬಳನ್ನು 26 ನಿಮಿಷ ಯಂತ್ರದ ಮೇಲಿಟ್ಟು ಹೃದಯದ ತೂತು ಹೊಲಿದರು. ಉಕ್ಕಿನ ಜಾಲರಿ ಪರದೆಗಳ ಆ ಯಂತ್ರದಲ್ಲಿ ಅಂದೇ ರಕ್ತ ಹೆಪ್ಪುಗಟ್ಟತೊಡಗಿತ್ತು. ಹುಡುಗಿ ಬದುಕಿದಳು, ಆಮೇಲಿನ ರೋಗಿಗಳು ಉಳಿಯಲಿಲ್ಲ, ಗಿಬ್ಬನ್ ಆ ಕೆಲಸವನ್ನೇ ನಿಲ್ಲಿಸಿದರು. ಮರುವರ್ಷ ಮಿನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಯಂತ್ರವೇ ಬೇಡವೆಂದು, ಒಂದು ವರ್ಷದ ಕೂಸಿನ ರಕ್ತನಾಳಗಳನ್ನು ಪಕ್ಕದ ಮಂಚದಲ್ಲಿ ಮಲಗಿಸಿದ ಅಪ್ಪನ ತೊಡೆಯ ರಕ್ತನಾಳಗಳಿಗೆ ಜೋಡಿಸಿದರು. ಅಪ್ಪನ ಶ್ವಾಸಕೋಶವೇ ಆಕ್ಸಿಜನೇಟರ್. ಕೂಸು ಕೆಲವು ದಿನಗಳ ನಂತರ ನ್ಯುಮೋನಿಯಾದಿಂದ ಹೋಯಿತು, ಆದರೆ ಆ ದಾರಿಯಲ್ಲಿ ಮುಂದೆ ಎಷ್ಟೋ ಮಕ್ಕಳು ಉಳಿದವು. ರಕ್ತ ಮುಟ್ಟಿದ್ದೆಲ್ಲ ರಕ್ತನಾಳವೇ ಆಗಿದ್ದ ಆಕ್ಸಿಜನೇಟರ್ ಎಂದರೆ ಅದೇ. ಒಂದು ಶಸ್ತ್ರಚಿಕಿತ್ಸೆಯಲ್ಲಿ ಎರಡು ಹೆಣ ಬೀಳುವ ಭಯವೂ ಅದಕ್ಕೇ ಇತ್ತು. ಆ ಅಪ್ಪಂದಿರ ಮುಂದೆ ತಮ್ಮ ಬೆಲೆ ಅಗ್ಗ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಡಾ. ಎನ್. ಗೋಪಿನಾಥ್ 1962ರಲ್ಲಿ ವೆಲ್ಲೂರಿನಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿ, ಆಮೇಲೆ ದೆಹಲಿಯ ಏಮ್ಸ್‌ಗೆ ಬಂದು ವಿಭಾಗ ಕಟ್ಟಿದರು. ಅದೇ ಏಮ್ಸ್‌ನಲ್ಲಿ 1994ರ ಆಗಸ್ಟ್ 3ರಂದು ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದಾಗಲೂ ಹಳೆಯ ಹೃದಯ ತೆಗೆದು ಹೊಸದು ಕೂರಿಸುವ ನಡುವಿನ ಹೊತ್ತಿಗೆ ಜೀವ ಹಿಡಿದದ್ದು ತಮ್ಮಂಥ ಯಂತ್ರವೇ.

ಅಗ್ಗ ಎಂದೆನಲ್ಲ, ಅದಕ್ಕೊಂದು ತಿದ್ದುಪಡಿ. 2018ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ದೆಹಲಿ ಮತ್ತು ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಜಾಲಾಡಿತು. ಕೊಳವೆಗಳ ಸಂದಿಯಲ್ಲಿ ಕೂರುವ ಮೂರು ದಾರಿಯ ತಿರುಪೊಂದಿದೆ, ಪುಟ್ಟ ನಲ್ಲಿಯ ಹಾಗೆ. ತಮ್ಮ ನೆರೆಹೊರೆಯದೇ. ಕೊಂಡದ್ದು 5 ರೂಪಾಯಿ 77 ಪೈಸೆಗೆ, ರೋಗಿಗೆ ಹಾಕಿದ್ದು 106 ರೂಪಾಯಿ. ಲಾಭ ಶೇಕಡಾ 1,737. ಸ್ಟೆಂಟಿಗೆ ಅದಕ್ಕೆ ಒಂದು ವರ್ಷ ಮೊದಲೇ ಮೂಗುದಾರ ಬಿದ್ದಿತ್ತು. ಔಷಧ ಲೇಪಿತ ಸ್ಟೆಂಟು 29,600 ರೂಪಾಯಿಗಿಂತ ಹೆಚ್ಚಿಗೆ ಮಾರಬಾರದು ಎಂದು. ಅದರ ಲೇಪಕ್ಕೂ ಬೆಲೆ ಕಟ್ಟಿದವರು ತಮ್ಮ ಲೇಪದ ಬಳಿ ಬಂದಾಗ ಕೈಮುಗಿದು ಹಿಂದೆ ಸರಿದರು. 2020ರ ಏಪ್ರಿಲ್‌ನಿಂದ ವೈದ್ಯಕೀಯ ಉಪಕರಣಗಳೆಲ್ಲ ಔಷಧದ ಲೆಕ್ಕಕ್ಕೆ ಬಂದವು, ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಎಂಆರ್‌ಪಿ ಏರಿಸಬಾರದು ಎಂದಾಯಿತು. ವರ್ಷಕ್ಕೆ ಶೇಕಡಾ ಹತ್ತು! ನನ್ನ ಪಿಂಚಣಿಗೂ ಇಂಥ ಕಟ್ಟುನಿಟ್ಟು ಬರಲಿ ಎಂದು ಪ್ರಾರ್ಥನೆ.

ಕೊನೆಗೆ ಸಮಜಾಯಿಷಿ ಬರೆದೆ. ತಮಗೆ ಬೇಸರವಾಗದಿದ್ದರೆ ಅದರ ಸಾರ ಇಲ್ಲೇ ನಿವೇದಿಸುತ್ತೇನೆ. ಲೇಪಿತ ಮತ್ತು ಲೇಪವಿಲ್ಲದ ಸೆಟ್ಟುಗಳನ್ನು ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. ರಕ್ತ ಪರೀಕ್ಷೆಯ ಕಾಗದದಲ್ಲಿ ಲೇಪದವರ ಉರಿಯೂತ ಕಡಿಮೆ. ರಕ್ತ ಕೊಡಬೇಕಾದ ಪ್ರಸಂಗ ಸ್ವಲ್ಪ ಕಡಿಮೆ, ಐಸಿಯುವಿನಲ್ಲಿ ಕಳೆಯುವ ಹೊತ್ತು ಅಷ್ಟಿಷ್ಟು ಕಡಿಮೆ. ಸಾವಿನ ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುವುದಿಲ್ಲ. ಹಾಗಾದರೆ ಬೇಕಿತ್ತೋ ಬೇಡವಾಗಿತ್ತೋ? ಪಂಪಿನ ಮೇಲೆ ಹೆಚ್ಚು ಹೊತ್ತು ಇರಬೇಕಾದವನಿಗೆ, ರಕ್ತ ಸೋರಿದರೆ ತಾಳಲಾರದವನಿಗೆ ಅಷ್ಟಿಷ್ಟೇ ದೊಡ್ಡದು. ಹಾಗಾಗಿ ‘ಬೇಕಿತ್ತು’ ಎಂದೇ ಬರೆದೆ, ಮನಸಾರೆ. ‘ಹೊಂದಾಣಿಕೆ’ ಎಂಬ ಪದವನ್ನು ಮಾತ್ರ ನನ್ನ ಕೈಯಿಂದ ಬರೆಯಲಾಗಲಿಲ್ಲ. ರಕ್ತ ತಮ್ಮನ್ನು ಒಪ್ಪಿಕೊಂಡಿಲ್ಲ, ತಡೆದುಕೊಂಡಿದೆ. 94 ನಿಮಿಷಕ್ಕೆ ಅದು ಸಾಕಾಯಿತು. ಈಗ ನನ್ನೊಳಗೆ ಕೂತಿರುವ ಲೋಹದ ಕವಾಟಕ್ಕೆ ಅದು ಸಾಲದು. ಅದನ್ನು ರಕ್ತ ತಡೆದುಕೊಳ್ಳಲಿ ಎಂದು ದಿನಾ ಸಂಜೆ ಅಸಿಟ್ರಾಂ ಎಂಬ ಹೆಪ್ಪುತಡೆ ಮಾತ್ರೆ ನುಂಗುತ್ತೇನೆ, ಬದುಕಿರುವವರೆಗೆ.

ಬಿನ್ನಹ ಒಂದೇ. ಡಿಸ್ಚಾರ್ಜ್ ಕಾಗದದಲ್ಲಿ ನನ್ನ ಕವಾಟದ ಅಳತೆ, ನಂಬರು ಎಲ್ಲ ಇದೆ. ಅದಕ್ಕೊಂದು ಗುರುತಿನ ಚೀಟಿಯನ್ನೂ ಕೊಟ್ಟಿದ್ದಾರೆ. ತಮ್ಮ ಬಗ್ಗೆ ಇರುವುದು ಇಷ್ಟು: ‘ಸಿಪಿಬಿ ಸಮಯ 94 ನಿಮಿಷ’, ಅಂದರೆ ಪಂಪಿನ ಮೇಲಿದ್ದ ಹೊತ್ತು. ಯಾವ ಲೇಪ, ಹೆಪಾರಿನ್ ಇದ್ದದ್ದೋ ಇಲ್ಲದ್ದೋ, ಒಂದಕ್ಷರವಿಲ್ಲ. ಕೆಲವರ ಮೈ ಹೆಪಾರಿನ್ನಿನ ಮೇಲೆಯೇ ತಿರುಗಿಬೀಳುತ್ತದೆ. ಐದರಿಂದ ಹತ್ತು ದಿನದಲ್ಲಿ ಪ್ಲೇಟ್‌ಲೆಟ್ಟು ದಬದಬ ಇಳಿಯುತ್ತದೆ, ಆದರೆ ಸೋರಬೇಕಾದ ರಕ್ತ ಹೆಪ್ಪುಗಟ್ಟುತ್ತದೆ. ಅಂಥವರಿಗೆ ಇನ್ನೊಮ್ಮೆ ಎದೆ ತೆರೆಯಬೇಕಾಗಿ ಬಂದರೆ ಹೆಪಾರಿನ್ ಲೇಪದ ಡಬ್ಬಿ ಹತ್ತಿರ ತರುವಂತಿಲ್ಲ. ಹಿಂದಿನ ಸಲ ಏನು ಹಚ್ಚಿತ್ತು ಎಂದು ಆಗ ವೈದ್ಯರು ಕೇಳಿದರೆ ರೋಗಿ ಯಾವ ಕೆಂಪು ಚೀಲವನ್ನು ತೋರಿಸಬೇಕು? ದಯಮಾಡಿ ತಮ್ಮ ನಾಮಧೇಯವನ್ನೂ ಲೇಪದ ಬಗೆಯನ್ನೂ ಆ ಕಾಗದದಲ್ಲಿ ಒಂದು ಸಾಲು ಬರೆಸಿ. ಓದುಗರಲ್ಲಿ ಯಾರಾದರೂ ಎದೆ ತೆರೆಸಿಕೊಳ್ಳುವವರಿದ್ದರೆ, ಮನೆಗೆ ಹೊರಡುವ ಮುನ್ನ ತಾವೇ ಕೇಳಿ ಬರೆಸಿಕೊಳ್ಳಿ.

ಇಂತಿ,
ತಮ್ಮ ಹೊಟ್ಟೆಯಲ್ಲಿ 94 ಸುತ್ತಿಗೂ ಮಿಗಿಲಾಗಿ ಪ್ರದಕ್ಷಿಣೆ ಬಂದ
ಒಬ್ಬ ವಿನೀತ ಭಕ್ತ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ವಿಮೆಯವರ ಉತ್ತರ ಬಂತು. ಲೇಪದ ಹಣ ಮಂಜೂರಾಗಿದೆ. ಕೈಗವಸಿನ ಹಣ ಕಡಿತವಾಗಿದೆ.